ಡಿಸ್ಕಿನೊಳಗಿದ್ದ ದನಿ

ಸೋಮವಾರ ಮಧ್ಯಾಹ್ನ ಮೂರಕ್ಕೆ ಠಾಣೆಗೆ ಬಂದ ದೂರುದಾರಳು ಮಾತಾಡಲಿಲ್ಲ. ಬಾಯಿ ತೆರೆದರೂ ದನಿ ಬರುತ್ತಿರಲಿಲ್ಲ. ಶಾಲೆಯಲ್ಲಿ ಪಾಠ ಹೇಳುತ್ತಿದ್ದಾಗ ಆಕೆಗೆ ಮಾತಿನಮಲ್ಲಿ ಎಂದೇ ಹೆಸರಿತ್ತು. ಗಂಟಲಿನ ಆಪರೇಷನ್ನಿಗೆ ಮುಂಚೆ ತನ್ನ ದನಿಯನ್ನು ಕಂಪ್ಯೂಟರಿಗೆ ತುಂಬಿಟ್ಟಿದ್ದಳು; ಟೈಪ್ ಮಾಡಿದ್ದನ್ನು ಅದು ಆಕೆಯದೇ ದನಿಯಲ್ಲಿ ಹೇಳುತ್ತಿತ್ತು. ಕಂಪ್ಯೂಟರು ಕೆಟ್ಟು, ಎಲ್ಲ ಅಳಿಸಿ ಆಪರೇಟಿಂಗ್ ಸಿಸ್ಟಮ್ ಹೊಸದಾಗಿ ಹಾಕಿಸಿದ ದಿನವೇ, ಬ್ಯಾಕಪ್ ಇದ್ದ ಒಂದೇ ಒಂದು ಡಿಸ್ಕ್ ಕಾಣೆಯಾಗಿತ್ತು.

ದೂರನ್ನು ಆಕೆ ಬರೆದುಕೊಟ್ಟಳು. "ರಿಪೇರಿಯವನದೇ ಕೆಲಸ ಸರ್. ಅಕ್ಕನ ಬಾಯಿ ಎರಡನೇ ಸಲ ಹೋಯ್ತು" ಎಂದು ಜೊತೆಗಿದ್ದ ತಂಗಿ ಅತ್ತಳು. ಎಫ್‌ಐಆರ್ ದಾಖಲಾಯಿತು.

ಇನ್‌ಸ್ಪೆಕ್ಟರ್ ರಿಪೇರಿಯವನನ್ನು ಕರೆಸಿದರು.

"ಡಿಸ್ಕ್ ಕೊನೆಗೆ ನೋಡಿದ್ದು ಯಾವಾಗ?"

"ಡಿಸ್ಕ್ ಹಾಕಿ, ಕಾಪಿಗೆ ಬಿಟ್ಟು ಊಟಕ್ಕೆ ಹೋದೆ ಸರ್. ವಾಪಸ್ ಬಂದ್ರೆ ಡಿಸ್ಕೇ ಇಲ್ಲ."

"ಮನೇಲಿ ಯಾರಿದ್ರು?"

"ಮೇಡಂ ಮಲಗಿದ್ರು. ಯಜಮಾನ್ರು ಬಟ್ಟೆ ಹೊಲೀತಿದ್ರು. ನನ್ನ ಹೊಟ್ಟೆ ಮೇಲೆ ಹೊಡೀಬೇಡಿ ಸರ್."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುವಂತಾಗಿತ್ತು ಅವನ ಪಾಡು. ಅವನು ಊಟಕ್ಕೆ ಬಂದಿದ್ದು ನಿಜವೆಂದು ಹೋಟೆಲಿನವನು ಹೇಳಿದ.

ಇನ್‌ಸ್ಪೆಕ್ಟರ್ ಎಲ್ಲರನ್ನೂ ಕರೆದುಕೊಂಡು ದೂರುದಾರಳ ಮನೆಗೆ ಹೋದರು. ಗಂಡ ದರ್ಜಿ, ಮನೆಯ ಮುಂಗೋಣೆಯೇ ಅಂಗಡಿ. "ಬಾಗಿಲು ತೆಗ್ದೇ ಇತ್ತು. ಯಾರೋ ನುಗ್ಗಿರ್ಬೇಕು" ಎಂದ. ಮಹಿಳಾ ಕಾನ್‌ಸ್ಟೇಬಲ್ ಕಂಪ್ಯೂಟರ್ ಪರಿಶೀಲಿಸಿದಳು.

"ಕಿತ್ಕೊಂಡು ಹೋಗಿಲ್ಲ ಸರ್. ಕಾಪಿ ನಿಲ್ಲಿಸಿ, ಸೇಫ್ ರಿಮೂವ್ ಒತ್ತಿ, ಆಮೇಲೆ ತೆಗ್ದಿದ್ದಾರೆ."

ಕದಿಯಲು ನುಗ್ಗಿದವನಿಗೆ ಅಷ್ಟು ನಾಜೂಕು ಎಲ್ಲಿಂದ ಬರಬೇಕು!

"ಹಾಗೇ ಎಳೆದ್ರೆ ಏನಾಗುತ್ತೆ?" ಇನ್‌ಸ್ಪೆಕ್ಟರ್ ದರ್ಜಿಯನ್ನು ಕೇಳಿದರು.

"ಒಳಗಿರೋದು ಹಾಳಾಗುತ್ತೆ. ಇವಳೇ ಕಲಿಸಿದ್ದು" ಎಂದವನು ನಾಲಗೆ ಕಚ್ಚಿಕೊಂಡ.

ಪಂಚರ ಎದುರು ಹೊಲಿಗೆ ಯಂತ್ರದ ಡ್ರಾಯರ್ ತೆರೆಸಿದರು. ಡಿಸ್ಕ್ ಅಲ್ಲಿತ್ತು. ಮೆತ್ತನೆಯ ಲೈನಿಂಗ್ ಬಟ್ಟೆಯಲ್ಲಿ ಅದರ ಅಳತೆಗೇ ಒಂದು ಚೀಲ ಹೊಲಿದಿದ್ದ.

"ಯಾಕೆ?"

"ಅಡುಗೆಮನೇಲಿರ್ತೀನಿ. 'ರೀ, ನೀರು ಕೊಡಿ' ಅಂತ ಕೇಳಿಸುತ್ತೆ. ಇವಳ ದನೀನೇ. ಗುಣ ಆಯ್ತೇನೋ ಅಂತ ಓಡಿ ಬರ್ತೀನಿ, ನೋಡಿದ್ರೆ ಆ ಡಬ್ಬ. ದಿನಾ ಇದೇ ಸರ್."

"ಮತ್ತೆ ಒಡೆದು ಹಾಕ್ಲಿಲ್ಲ ಯಾಕೆ?"

"ಇವಳ ದನಿ ಸರ್. ಒಡೆಯೋಕೆ ಕೈ ಬರುತ್ತಾ?"

ಪಂಚನಾಮೆ ಬರೆಯುತ್ತ ಇನ್‌ಸ್ಪೆಕ್ಟರ್ ತಲೆ ಎತ್ತಲಿಲ್ಲ. "ಸೀಲ್ ಮಾಡೋ ಮುಂಚೆ ಒಳಗಿರೋದು ಅದೇ ದನೀನಾ ಅಂತ ನೋಡ್ಬೇಕಲ್ಲ" ಎಂದು ನೆಪ ಮಾಡಿ, ಅರ್ಧಕ್ಕೆ ನಿಂತ ಕೆಲಸವನ್ನು ರಿಪೇರಿಯವನಿಂದ ಮಾಡಿಸಿ ಮುಗಿಸಿದರು. ಸಂಜೆ ಏಳಕ್ಕೆ ದನಿ ಕಂಪ್ಯೂಟರಿಗೆ ಮರಳಿತು. ಡಿಸ್ಕಿಗೆ ಸೀಲ್ ಬಿತ್ತು, ದರ್ಜಿಯ ಬಂಧನವಾಯಿತು.

ಹೆಂಡತಿ ನಿಧಾನವಾಗಿ ಟೈಪ್ ಮಾಡಿದಳು. ಕಂಪ್ಯೂಟರು ಅವಳ ದನಿಯಲ್ಲಿ ಹೇಳಿತು:

"ರೀ, ಒಂದು ಮಾತು ಹೇಳಿದ್ದಿದ್ರೆ ನಿಮ್ಮ ಮುಂದೆ ಬರೆದೇ ತೋರಿಸ್ತಿದ್ನಲ್ಲ."

ಹೊಸ್ತಿಲು ದಾಟುತ್ತಿದ್ದ ಗಂಡ ಗಕ್ಕನೆ ತಿರುಗಿ ಅವಳ ತುಟಿ ನೋಡಿದ.