ಕೂಡಿದರೆ ಸೊನ್ನೆ

ನನಗೆ ಕಬಡ್ಡಿಯಲ್ಲಿ ಆಸಕ್ತಿ ಇಲ್ಲ. ಅಂಕಪಟ್ಟಿಯಲ್ಲಿ ಇದೆ.

ಪಾಂಡವಪುರದ ಕಾಲೇಜೊಂದರಲ್ಲಿ ಗಣಿತ ಹೇಳಿಕೊಡುವವನು ನಾನು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಟೀಮುಗಳು ಆರು ಭಾನುವಾರ ಆಡುವ ಲೀಗ್‌ನ ವಾಟ್ಸಾಪ್ ಗ್ರೂಪಿಗೆ ಗೆಳೆಯ ಅಶೋಕ್ ನನ್ನನ್ನು ಸೇರಿಸಿದ್ದ. ಸಂಜೆ ಕಾಫಿ ಕುಡಿಯುತ್ತಾ ಪಟ್ಟಿ ನೋಡುವುದು, ಅಷ್ಟೇ ನನ್ನ ಕ್ರೀಡೆ.

ಮೊದಲ ವಾರದ ಪಟ್ಟಿಯಲ್ಲಿ ಅಂಕಗಳ ಅಂತರ ಹೀಗಿತ್ತು: ಶ್ರೀರಂಗಪಟ್ಟಣ ಪ್ಲಸ್ ಹನ್ನೊಂದು, ಪಾಂಡವಪುರ ಪ್ಲಸ್ ನಾಲ್ಕು, ಕೆ.ಆರ್. ಪೇಟೆ ಮೈನಸ್ ನಾಲ್ಕು, ನಾಗಮಂಗಲ ಮೈನಸ್ ಒಂಬತ್ತು. ಕೆಳಗೆ ‘ಸ್ಕೋರರ್: ಪ್ರಿಯಾಂಕ’ ಎಂದು ಬರೆದು ನಂಬರ್ ಕೊಟ್ಟಿದ್ದರು. ಹೆಸರಲ್ಲೇ ಅಂಕ ಇಟ್ಟುಕೊಂಡವರು ಲೆಕ್ಕ ತಪ್ಪಬಾರದಲ್ಲ ಎಂದು ಫೋನ್ ಮಾಡಿದೆ.

“ಮ್ಯಾಚ್ ನೋಡಿದ್ರಾ ಸಾರ್?”

“ಇಲ್ಲ ಮೇಡಂ.”

“ಮತ್ತೆ ತಪ್ಪು ಅಂತ ಎಂಗ್ ಏಳ್ತೀರಾ?”

“ಒಬ್ರು ಎಷ್ಟು ಅಂಕದಲ್ಲಿ ಗೆಲ್ತಾರೋ ಇನ್ನೊಬ್ರು ಅಷ್ಟರಲ್ಲೇ ಸೋಲ್ತಾರೆ. ಎಲ್ಲಾ ಕೂಡಿದ್ರೆ ಸೊನ್ನೆ ಬರ್ಬೇಕು. ಎರಡು ಬಂತು.”

ಅವಳು ಬಾಯಲ್ಲೇ ಕೂಡಿ ನೋಡಿ ನಕ್ಕಳು. “ನಾಗಮಂಗ್ಲ ನಮ್ಮೂರು. ಸೋತ ಬೇಜಾರಲ್ಲಿ ಕೈ ತಪ್ಪೋಯ್ತು, ಬುಡಿ.”

ಎರಡನೇ ವಾರ ಮೂರು ಹೆಚ್ಚು ಬಂತು. ಮೂರನೇ ವಾರ ಒಂದು ಕಡಿಮೆ. ಪ್ರತಿ ಭಾನುವಾರ ತಪ್ಪು ಸಿಗುತ್ತಿತ್ತು, ನಾನು ಫೋನ್ ಮಾಡುತ್ತಿದ್ದೆ. ಮೊದಲ ಕರೆ ಮೂರು ನಿಮಿಷ, ಐದನೆಯದು ನಲವತ್ತೊಂದು. ಅವಳು ಕೆ.ಆರ್. ಪೇಟೆಯ ಶಾಲೆಯೊಂದರಲ್ಲಿ ಪಿ.ಟಿ. ಟೀಚರ್. ನಾನು ಮುದ್ದೆಯನ್ನೂ ಸಮಭಾಗ ಮಾಡಿ ತಿನ್ನುತ್ತೇನೆ ಎಂದು ಗೊತ್ತಾದ ದಿನ ಬಹಳ ಹೊತ್ತು ನಕ್ಕಿದ್ದಳು.

“ಒಂದ್ಸಲ ಗ್ರೌಂಡಿಗೆ ಬನ್ನಿ ಸಾರ್.”

“ಯಾಕೆ? ಪಟ್ಟೀಲೇ ಎಲ್ಲಾ ಗೊತ್ತಾಗುತ್ತಲ್ಲ.”

“ಎಲ್ಲಾ ಗೊತ್ತಾಗಾಕಿಲ್ಲ,” ಎಂದು ಫೋನಿಟ್ಟಳು.

ಆರನೇ ಭಾನುವಾರದ ಪಟ್ಟಿ ಬಂತು. ಕೂಡಿದೆ, ಸೊನ್ನೆ. ಮತ್ತೆ ಕೂಡಿದೆ. ನಾಲ್ಕು ಸಲವೂ ಸೊನ್ನೆಯೇ. ಲೆಕ್ಕ ಸರಿಯಾಗಿದೆ ಎಂದು ಬೇಸರವಾದದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು. ಇನ್ನು ಪಟ್ಟಿ ಬರುವುದಿಲ್ಲ, ಅವಳ ದನಿ ಕೇಳಲು ನನಗೆ ಬೇರೆ ನೆಪವೂ ಇಲ್ಲ. ವಾರವಿಡೀ ಕ್ಲಾಸಿನಲ್ಲಿ ಬೋರ್ಡಿನ ಮೇಲೆ ತಪ್ಪು ಬರೆದೆ.

ಮುಂದಿನ ಭಾನುವಾರ ಕೆ.ಆರ್. ಪೇಟೆಯಲ್ಲಿ ಫೈನಲ್. ಬಸ್ಸು ಹತ್ತಿ ಹೋದೆ.

ಗ್ರೌಂಡಿನ ಅಂಚಿನ ಮೇಜಿನ ಹಿಂದೆ ಬಿಸಿಲಿಗೆ ಕೆಂಪಾದ ಮೂಗಿನ ಹುಡುಗಿಯೊಬ್ಬಳು ಜಡೆಗೆ ಪೆನ್ನು ಸಿಕ್ಕಿಸಿಕೊಂಡು ಕೂತಿದ್ದಳು. ನನ್ನನ್ನು ಒಮ್ಮೆ ನೋಡಿದಳು. ಸ್ಕೋರ್ ಪುಸ್ತಕ ನೋಡಿದಳು. ಮತ್ತೆ ನೋಡಿ ತುಟಿ ಕಚ್ಚಿ ನಗು ತಡೆದಳು.

“ಪಾಂಡವಪುರದ ಮೇಷ್ಟ್ರು ತಾನೆ?”

“ಹೇಗೆ ಗೊತ್ತಾಯ್ತು?”

“ಎಲ್ಲಾರೂ ಆಟ ನೋಡ್ತಾವ್ರೆ. ನೀವೊಬ್ರೇ ಸ್ಕೋರ್‌ಬೋರ್ಡ್ ನೋಡ್ತಾ ನಿಂತಿದ್ರಿ.”

“ಕೊನೇ ಪಟ್ಟೀಲಿ ತಪ್ಪಿರ್ಲಿಲ್ಲ,” ಎಂದೆ.

“ಮೊದಲ್ನೇದು ಒಂದೇ ನಿಜವಾದ ತಪ್ಪು ಸಾರ್. ಆಮೇಲಿನ ನಾಕೂ ಬೇಕಂತ್ಲೇ ಮಾಡಿದ್ದು.”

ಇಷ್ಟು ಸುಲಭದ ಲೆಕ್ಕ ನನಗೆ ಹೊಳೆದಿರಲಿಲ್ಲ. “ಮತ್ತೆ ಕೊನೇದ್ಯಾಕೆ ಸರಿ ಬರೆದ್ರಿ?”

ಅವಳು ಪುಸ್ತಕದ ಮೂಲೆ ಮಡಚುತ್ತಾ ಕೂತಳು. “ತಪ್ಪಿದ್ರೆ ಫೋನ್ ಮಾಡೋರು, ತಪ್ಪಿಲ್ದಿದ್ರೂ ಬತ್ತಾರಾ ಅಂತ ನೋಡ್ಬೇಕಿತ್ತು.”

ಅಂಕಣದಲ್ಲಿ ಯಾರೋ ದಮ್ಮು ಕಟ್ಟಿ ಕಬಡ್ಡಿ ಕಬಡ್ಡಿ ಎನ್ನುತ್ತಿದ್ದ. ನಾನೂ ಒಂದೇ ಉಸಿರಿಗೆ ಹೇಳಿಬಿಟ್ಟೆ. “ನಂಗೆ ಕಬಡ್ಡಿ ಇಷ್ಟ ಇಲ್ಲ, ನಿಮ್ಮನ್ನ ನೋಡೋಕ್ಕೇ ಬಂದೆ, ನೀವಂದ್ರೆ ಇಷ್ಟ, ಪ್ರತಿ ಭಾನುವಾರ ಮಾತಾಡ್ಬೇಕು.”

“ಭಾನ್ವಾರ ಮಾತ್ರಾನಾ?” ಎಂದು ಬೆಂಚಿನಲ್ಲಿ ಸರಿದು ಜಾಗ ಮಾಡಿದಳು. ಕೂತೆ. ಅವಳು ನನ್ನನ್ನೇ ನೋಡುತ್ತಿದ್ದಳು, ನಾನು ಅವಳನ್ನು.

ವಿಶಲ್ ಕೇಳಿಸಿತು. ರೆಫರಿ ಮೇಜಿನ ಹತ್ತಿರ ಬಂದರು. “ಎಷ್ಟಾಯ್ತು ಮೇಡಂ?”

ಅವಳು ನನ್ನ ಮುಖ ನೋಡಿದಳು. ನಾನು ಪುಸ್ತಕ ನೋಡಿದೆ. ಯಾರಿಗೆ ಅಂಕ ಬಂತೆಂದು ನಾವಿಬ್ಬರೂ ನೋಡಿರಲಿಲ್ಲ. ಮೊದಲ ವಾರದ ನಂತರ ಆದ ನಿಜವಾದ ತಪ್ಪು ಅದೊಂದೇ. ಅದರಲ್ಲಿ ಅರ್ಧ ನನ್ನದು.