ಎಪ್ಪತ್ತೆರಡು ಕೆಜಿ

"ನಿಮ್ಮ ತೂಕ ಎಷ್ಟು?"

ಮೊದಲ ಭೇಟಿಯಲ್ಲೇ ಒಂದು ಹೆಣ್ಣಿಗೆ ಕೇಳುವ ಪ್ರಶ್ನೆಯೇ ಇದು! ಬೇರೆ ಯಾರಾದರೂ ಆಗಿದ್ದರೆ ಕೈಯಲ್ಲಿದ್ದ ಹೆಲ್ಮೆಟ್ಟಿನಲ್ಲೇ ಒಂದು ಕೊಡುತ್ತಿದ್ದರು. ಆದರೆ ಅವಳಿಗೆ ಸಿಟ್ಟು ಬರಲಿಲ್ಲ. ಎಂಟು ತಿಂಗಳಿಂದ ಅವಳಿಗೆ ಸಿಟ್ಟೂ ಬರುತ್ತಿರಲಿಲ್ಲ, ಅಳುವೂ ಬರುತ್ತಿರಲಿಲ್ಲ.

"ಯಾಕೆ?" ಎಂದಳು.

"ಹಿಂದಿನ ಸ್ಪ್ರಿಂಗ್ ರೀ. ಓಡಿಸೋರ ತೂಕ ನೋಡಿ ಬಿಗಿ ಮಾಡ್ಬೇಕು. ಇದನ್ನ ಯಾರೋ ಗಟ್ಟಿ ಆಳಿಗೆ ಸೆಟ್ ಮಾಡಿದ್ದಾರೆ. ನೀವು ನೋಡಿದ್ರೆ..." ಮೆಕ್ಯಾನಿಕ್ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ನೋಡಿದ್ದು ತಪ್ಪಾಯಿತೇನೋ ಎಂದು ಗಡಿಬಿಡಿಯಲ್ಲಿ ಚೈನಿನ ಕಡೆ ತಿರುಗಿದ.

ಮನೆಯಲ್ಲಿ ಅವಳನ್ನು ಗುಬ್ಬಿ ಎಂದೇ ಕರೆಯುವುದು. ಹೆಸರಿಗೆ ತಕ್ಕ ಮೈಕಟ್ಟು. ಕಲ್ಲು ಕಟ್ಟಿ ತೂಗಿದರೂ ನಲವತ್ತಾರು ಕೆಜಿ ದಾಟುವುದಿಲ್ಲ.

"ಎಪ್ಪತ್ತೆರಡು," ಎಂದಳು ಗುಬ್ಬಿ.

"ಏನು?!"

"ಎಪ್ಪತ್ತೆರಡು ಕೆಜಿ. ಆ ಸ್ಪ್ರಿಂಗ್ ಮುಟ್ಬೇಡಿ. ಬಾಕಿ ಏನು ಬೇಕಾದ್ರೂ ಮಾಡಿ."

"ಓ... ಹಾಗಾದ್ರೆ ಗಾಡಿ ನಿಮ್ಮದಲ್ವಾ?"

'ಅಣ್ಣಂದು' ಎನ್ನಬೇಕಿತ್ತು. ಮೂರೇ ಅಕ್ಷರ. ನಾಲಿಗೆಯ ತುದಿಗೆ ಬಂದದ್ದು ಅಲ್ಲೇ ಸಿಕ್ಕಿಕೊಂಡಿತು.

"ನಮ್ಮನೆಯವರದ್ದು," ಎಂದುಬಿಟ್ಟಳು.

ಅಂದ ಮೇಲೆ ಹೊಳೆಯಿತು... ಅಯ್ಯೋ, ಹೆಂಗಸೊಬ್ಬಳು ಹಾಗಂದರೆ ಕೇಳಿದವರು ಗಂಡ ಎಂದೇ ತಿಳಿದುಕೊಳ್ಳುತ್ತಾರಲ್ಲ! ತಿದ್ದಲು ಬಾಯಿ ತೆರೆದವಳು ಸುಮ್ಮನಾದಳು. ತಿಳಿದುಕೊಳ್ಳಲಿ, ಏನೀಗ? ತಿದ್ದಿದರೆ 'ಅಣ್ಣ ಎಲ್ಲಿದ್ದಾರೆ' ಎಂಬ ಪ್ರಶ್ನೆ ಬರುತ್ತದೆ.

"ಹಾಗಾ..." ಎಂದ ಅವನು. ಮುಖ ಒಂದು ಗಳಿಗೆ ಪೆಚ್ಚಾಯಿತು. ಅವಳು ಗಮನಿಸಲಿಲ್ಲ. ನಾವು ನೋಡಿದೆವಲ್ಲ, ಸಾಕು ಬಿಡಿ.

ಅಣ್ಣ ಹೋದದ್ದು ಜ್ವರದಲ್ಲಿ. ನಾಲ್ಕೇ ದಿನ. ಅವನ ಬಟ್ಟೆಗಳನ್ನು ಅಮ್ಮ ಯಾರಿಗೋ ಕೊಟ್ಟುಬಿಟ್ಟಳು, ಮಂಚ ಅಟ್ಟ ಸೇರಿತು. ಅಮ್ಮನೂ ಮಗಳೂ ಅವನ ವಿಷಯ ಬಿಟ್ಟು ಬೇರೆಲ್ಲ ಮಾತಾಡುತ್ತಿದ್ದರು. ನಲ್ಲಿ ಸೋರುವುದು, ಕರೆಂಟ್ ಹೋದದ್ದು... ಎಲ್ಲ.

ಉಳಿದದ್ದು ಈ ಬೈಕು. ಹಗುರ ಮೈ, ಎತ್ತರದ ಸೀಟು, ಡಾಂಬರಿಗೂ ಸೈ, ಕಲ್ಲುಮಣ್ಣಿಗೂ ಸೈ. ಗುಬ್ಬಿ ನೀರು ಪರೀಕ್ಷೆ ಮಾಡುವ ಲ್ಯಾಬಿನವಳು. ಕಾರು ಹೋಗದ ಕೆರೆ ಬಾವಿಗಳಿಗೆ ಹೋಗಿ ಬಾಟಲಿಗಳಲ್ಲಿ ನೀರು ತುಂಬಿ ತರುವುದು ಅವಳ ಕೆಲಸ. ಈಗ ಈ ಬೈಕಿನಲ್ಲೇ ಹೋಗುತ್ತಿದ್ದಳು.

ಆ ಸ್ಪ್ರಿಂಗನ್ನು ಬಿಗಿ ಮಾಡುವ ರಿಂಗನ್ನು ಅಣ್ಣ ತನ್ನ ತೂಕಕ್ಕೆ ಸರಿಯಾಗಿ ತಾನೇ ತಿರುಗಿಸಿ ಇಟ್ಟಿದ್ದ. ಹಗುರ ಹುಡುಗಿ ಕೂತರೆ ಅದು ಬಗ್ಗುತ್ತಲೇ ಇರಲಿಲ್ಲ, ಕಲ್ಲು ಸಿಕ್ಕಿದಲ್ಲೆಲ್ಲ ಅವಳನ್ನು ಎತ್ತಿ ಒಗೆಯುತ್ತಿತ್ತು. ಒಗೆಯಲಿ! ಲೋಕದಲ್ಲಿ ಅಣ್ಣನ ತೂಕ ಉಳಿದಿರುವುದು ಅಲ್ಲೊಂದೇ ಕಡೆ. ಅದನ್ನೂ ಸಡಿಲಿಸಿದರೆ ಅವನು ಪೂರ್ತಿ ಹೋದ ಹಾಗೆ. ಅವಳು ಹಲ್ಲು ಕಚ್ಚಿಕೊಂಡು ಓಡಿಸುತ್ತಿದ್ದಳು.

ಮೆಕ್ಯಾನಿಕ್‌ನನ್ನು ಗಿರಾಕಿಗಳೆಲ್ಲ 'ಮೇಷ್ಟ್ರು' ಎನ್ನುತ್ತಿದ್ದರು. ಒಂದು ನಟ್ಟು ಬಿಚ್ಚಿದರೆ ಒಂದು ಪಾಠ! ಹದಿನೈದು ದಿನಕ್ಕೊಮ್ಮೆ ಬರಲೇಬೇಕು ಎಂದು ಅವಳಿಗೆ ಕಟ್ಟುನಿಟ್ಟಾಗಿ ಹೇಳಿದ್ದ. ಬಂದಾಗಲೆಲ್ಲ ಏರ್ ಫಿಲ್ಟರ್ ತೊಳೆಯುವುದು, ಸ್ಪೋಕುಗಳನ್ನು ತಟ್ಟಿ ಯಾವುದು ಸಡಿಲ ಎಂದು ಕಿವಿಗೊಡುವುದು, ಚೈನಿಗೆ ಎಣ್ಣೆ.

"ಮೇಡಂ, ಬರೀ ಹೂಂ ಹೂಂ ಅಂತೀರಿ. ಈಗ ನಾನೇನು ಹೇಳ್ದೆ, ಹೇಳಿ ನೋಡೋಣ?"

"ಫಿಲ್ಟರ್ ಫೋಮನ್ನ ಬಟ್ಟೆ ಹಿಂಡಿದ ಹಾಗೆ ಹಿಂಡಬಾರದು, ಹರಿದುಹೋಗುತ್ತೆ. ಅಂಗೈಯಲ್ಲಿ ಅದುಮಬೇಕು. ಒಣಗಿದ ಮೇಲೆ ಎಣ್ಣೆ."

"ಅಬ್ಬಬ್ಬಾ! ಗೋಡೆಗೆ ಹೇಳ್ತಿದ್ದೀನಿ ಅಂದ್ಕೊಂಡಿದ್ದೆ!"

ಅವಳು ನಗಬೇಕಾದ ಜಾಗ ಎಂದು ನಕ್ಕಳು. ಒಳಗೆ ಏನೂ ಅಲುಗಲಿಲ್ಲ.

"ನಿಮ್ಮನೆಯವರನ್ನ ಒಂದ್ಸಲ ಕರ್ಕೊಂಡ್ಬನ್ನಿ," ಎಂದು ಅವನು ಪ್ರತಿ ಸಲವೂ ಕೇಳುತ್ತಿದ್ದ. "ಅವರು ಕೂತ್ರೆ ಟೇಪ್ ಹಿಡಿದು ಸ್ಪ್ರಿಂಗ್ ಎಷ್ಟು ಇಳಿಯುತ್ತೆ ನೋಡ್ತೀನಿ."

"ಅವರು ಬರೋದಿಲ್ಲ."

ನಾಲ್ಕು ತಿಂಗಳಾಯಿತು. ಮೇಷ್ಟ್ರು ಪಾಠ ಮುಗಿದ ಮೇಲೂ ಒಂದು ಗಳಿಗೆ ನಿಲ್ಲುತ್ತಿದ್ದ, ಏನೋ ಹೇಳುವವನಂತೆ. 'ಲೇ, ಮದುವೆಯಾದವಳು ಕಣೋ' ಎಂದು ತನ್ನನ್ನು ತಾನೇ ಗದರಿಸಿಕೊಂಡು ಒಳಗೆ ಹೋಗುತ್ತಿದ್ದ. ಪಾಪ!

ಒಂದು ದಿನ ಅವಳು ಬೈಕು ತಳ್ಳಿಕೊಂಡು ಬಂದಳು. ಕೆರೆಯ ಇಳಿಜಾರಿನಲ್ಲಿ ಹಿಂಬದಿ ಚಕ್ರ ಕಲ್ಲಿಗೆ ಎಗರಿ ಬಿದ್ದಿದ್ದಳು. ಮೊಣಕೈ ತರಚಿ ರಕ್ತ ಒಣಗಿತ್ತು, ಹ್ಯಾಂಡಲ್ ಸೊಟ್ಟಗಾಗಿತ್ತು, ಬಾಟಲಿಗಳೆಲ್ಲ ಪುಡಿ.

"ನೋವಾಗ್ತಿಲ್ವಾ?"

"ಇಲ್ಲ."

ನಿಜವಾಗಿಯೂ ಆಗುತ್ತಿರಲಿಲ್ಲ. ಮೇಷ್ಟ್ರಿಗೆ ತಡೆಯಲಾಗಲಿಲ್ಲ.

"ಎಂಥ ಮನುಷ್ಯ ರೀ ನಿಮ್ಮನೆಯವರು? ತನ್ನ ತೂಕದ ಗಾಡಿ ಕೊಟ್ಟು ನಿಮ್ಮನ್ನ ಕಲ್ಲಲ್ಲಿ ಓಡಿಸ್ತಾರೆ, ತಾವು ಮಾತ್ರ ಒಂದು ದಿನ ಇತ್ತ ತಲೆ ಹಾಕಲ್ಲ! ಒಂಚೂರಾದ್ರೂ ಕಾಳಜಿ ಬೇಡ್ವಾ?"

"ನಿಮಗೆ ಗಾಡಿ ಸರಿಮಾಡೋ ಕೆಲಸ. ಅಷ್ಟು ಮಾಡಿ," ಎಂದು ಬೈಕು ಅಲ್ಲೇ ಬಿಟ್ಟು ನಡೆದೇ ಹೋದಳು.

ಮಾರನೆಯ ದಿನ ಮಧ್ಯಾಹ್ನ ಬಂದು ದುಡ್ಡು ಮೇಜಿನ ಮೇಲಿಟ್ಟು ಬೈಕು ತೆಗೆದುಕೊಂಡಳು. ಅವನು ತಲೆ ಎತ್ತಲಿಲ್ಲ.

ಕೆರೆಯ ದಾರಿ. ಮೊದಲ ಕಲ್ಲು ಬಂತು. ಎಂದಿನಂತೆ ಹಲ್ಲು ಕಚ್ಚಿದಳು... ಏನೂ ಆಗಲಿಲ್ಲ! ಎರಡನೆಯದು, ಮೂರನೆಯದು. ಬೈಕು ಸಲೀಸಾಗಿ ಇಳಿದು ಏರಿತು. ಅರೆ! ಎಷ್ಟು ಚೆನ್ನಾಗಿದೆ! ಅವಳಿಗೆ ಗೊತ್ತಿಲ್ಲದೆ ಒಂದು ನಗು ಹೊರಬಂತು. ಕರೆಯದೆ ಬಂದ ನಗು.

ಮರುಗಳಿಗೆಯೇ ಗಕ್ಕನೆ ಬ್ರೇಕು ಹಾಕಿದಳು.

ಇಳಿದು ಬಗ್ಗಿ ನೋಡಿದಳು. ರಿಂಗಿನ ಮೇಲೆ ಸ್ಪ್ಯಾನರಿನ ಹೊಸ ಗೀರು.

"ಯಾರನ್ನ ಕೇಳಿ ಕೈ ಹಾಕಿದ್ರಿ?" ಗ್ಯಾರೇಜಿನ ಬಾಗಿಲಲ್ಲೇ ಕೂಗಿದಳು.

ಮೇಷ್ಟ್ರು ಎದ್ದು ನಿಂತ. "ತಪ್ಪಾಯ್ತು. ನೀವು ಮತ್ತೆ ಬಿದ್ರೆ ಅಂತ ಭಯ ಆಯ್ತು. ನಿಮ್ಮನೆಯವರು ಬೈದ್ರೆ ನಾನೇ ಬಂದು ಹೇಳ್ತೀನಿ..."

"ಯಾರಿಗೆ ಹೇಳ್ತೀರಿ? ಎಲ್ಲಿಗೆ ಬಂದು ಹೇಳ್ತೀರಿ? ಅವನು ಸತ್ತುಹೋದ! ಅಣ್ಣ ಇಲ್ಲ!"

"...ಅಣ್ಣ?"

"ಹೂಂ, ಅಣ್ಣ!"

"ಮತ್ತೆ, ನಮ್ಮನೆಯವರು ಅಂದ್ರಿ..."

"ಅಣ್ಣ ಮನೆಯವನಲ್ಲದೆ ಬೀದಿಯವನಾ?"

ಗುಬ್ಬಿ ನೆಲದ ಮೇಲೆ ಕುಸಿದು ಕೂತಳು.

"ಅವನು ತಾನೇ ತಿರುಗಿಸಿದ್ದು. ಅದೊಂದೇ ಇತ್ತು ನನ್ನ ಹತ್ರ. ಅವನ ತೂಕ... ಅದನ್ನೂ ತೆಗೆದುಬಿಟ್ರಿ."

ಅವನು ಸಮಾಧಾನ ಹೇಳಲಿಲ್ಲ. ಕೊಕ್ಕೆ ಸ್ಪ್ಯಾನರ್ ತಂದು ಬೈಕಿನ ಪಕ್ಕ ಮೊಣಕಾಲೂರಿದ. "ನಾಲ್ಕು ಸುತ್ತು ಸಡಿಲಿಸಿದ್ದೆ. ಒಂದು... ಎರಡು... ಮೂರು... ನಾಲ್ಕು." ಅಂಗೈಯಿಂದ ಬೆವರು ಒರೆಸಿಕೊಂಡ. "ನೋಡಿ, ಅವರು ಇಟ್ಟ ಹಾಗೇ ಇದೆ. ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಇನ್ನು ನಾನು ಮುಟ್ಟಲ್ಲ."

ಅವಳು ನೋಡಿದಳು. ಅಣ್ಣ ಮತ್ತೆ ಅಲ್ಲಿದ್ದ.

"ಒಂದು ಮಾತು ಕೇಳ್ಲಾ? ಬೈಬೇಡಿ," ಎಂದ ಅವನು ಮೆಲ್ಲಗೆ. "ನಿಮ್ಮಣ್ಣ ಈಗ ಬಂದು ನಿಮ್ಮ ಮೊಣಕೈ ನೋಡಿದ್ರೆ ಏನು ಮಾಡ್ತಿದ್ರು?"

ಗುಬ್ಬಿ ತರಚಿದ ಮೊಣಕೈಯನ್ನು ತಿರುಗಿಸಿ ನೋಡಿಕೊಂಡಳು.

"ನಿಮ್ಮ ಕಪಾಳಕ್ಕೆ ಬಾರಿಸ್ತಿದ್ದ. ನನ್ನ ತಂಗಿಗೆ ಯಾಕಯ್ಯಾ ಸರಿಯಾಗಿ ಸೆಟ್ ಮಾಡಿಕೊಟ್ಟಿಲ್ಲ ಅಂತ."

"ಬಾರಿಸಬೇಕಾದ್ದೇ."

ಅವಳು ಕೈ ಚಾಚಿದಳು. "ಸ್ಪ್ಯಾನರ್ ಕೊಡಿ. ನಾನೇ ಸಡಿಲಿಸ್ತೀನಿ."

ಅವನು ಬೈಕನ್ನು ನೆಟ್ಟಗೆ ಹಿಡಿದು ನಿಂತ. ರಿಂಗ್ ಬಿಗಿಯಾಗಿತ್ತು. ಎರಡೂ ಕೈಯಲ್ಲಿ ಎಳೆದಳು. ಮೊದಲ ಸುತ್ತಿಗೆ ಏನೂ ಅನ್ನಿಸಲಿಲ್ಲ. ಎರಡನೆಯದಕ್ಕೆ ಸ್ಪ್ಯಾನರ್ ಜಾರಿತು, ಮತ್ತೆ ಸಿಕ್ಕಿಸಿದಳು. ಮೂರನೆಯದಕ್ಕೆ ಕಣ್ಣು ಮಂಜಾಗಿ ಏನೂ ಕಾಣಲಿಲ್ಲ. ನಾಲ್ಕನೆಯ ಸುತ್ತು ಮುಗಿಯುವಷ್ಟರಲ್ಲಿ ಸೀಟಿಗೆ ಹಣೆ ಒತ್ತಿ, "ಅಣ್ಣಾ... ಅಣ್ಣಾ..." ಎಂದು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಒಂದು ವರ್ಷದ ಅಳು! ಅವನು ಬೈಕು ಬಿಡಲಿಲ್ಲ, ಹೋಗಿ ನೀರು ತರಲೂ ಇಲ್ಲ. ಅವಳ ಭಾರವೆಲ್ಲ ಬೈಕಿನ ಮೇಲಿತ್ತು, ಬಿಟ್ಟರೆ ಬೀಳುತ್ತಾಳೆ.

ಎಷ್ಟೋ ಹೊತ್ತಿಗೆ ಅಳು ಇಳಿಯಿತು. ಆಗ ಅವನು ಬೈಕಿಗೆ ಸ್ಟ್ಯಾಂಡ್ ಹಾಕಿ ಅವಳ ಪಕ್ಕ ನೆಲದಲ್ಲಿ ಕೂತ. ಮೂಗೊರೆಸಿಕೊಂಡು ಕೇಳಿದಳು, "ಇನ್ನೇನಾದ್ರೂ ಕೆಲಸ ಬಾಕಿ ಇದೆಯಾ?"

"ಗಾಡಿದು ಏನಿಲ್ಲ. ನಂದೊಂದಿದೆ..." ಅವನ ಕಿವಿಯೆಲ್ಲ ಕೆಂಪಾಗಿತ್ತು. "ನೀವಂದ್ರೆ ನಂಗಿಷ್ಟ. ಇವತ್ತು ಹೇಳೋ ದಿನ ಅಲ್ಲ, ಗೊತ್ತು. ಆದ್ರೆ ನಾಲ್ಕು ತಿಂಗಳು ನುಂಗ್ಕೊಂಡಿದ್ದೀನಿ ರೀ. ಇನ್ನಾಗಲ್ಲ!"

ಅವಳು ಅವನನ್ನೇ ನೋಡಿದಳು. ಕೆನ್ನೆಯ ಮೇಲೆ ಗ್ರೀಸು, ಕಣ್ಣಲ್ಲಿ ಹೆದರಿಕೆ. ಇಷ್ಟು ದಿನ ಈ ಮುಖವನ್ನು ತಾನು ನೋಡಿಯೇ ಇಲ್ಲವಲ್ಲ ಎನ್ನಿಸಿತು.

"ನಂಗೆ ಯಾವುದೂ ಸರಿಯಾಗಿ ಗೊತ್ತಾಗ್ತಿಲ್ಲ," ಎಂದಳು. "ಖುಷಿ ಯಾವುದು, ದುಃಖ ಯಾವುದು ಅಂತ. ಆದ್ರೆ... ನೀವು ಇಲ್ಲಿಂದ ಏಳೋದು ಬೇಡ ಅನ್ನಿಸ್ತಿದೆ."

"ಏಳಲ್ಲ."

"ಅಯ್ಯೋ, ಹಾಗಲ್ಲ! ಈಗ ಏಳಿ. ಮನೆಗೆ ಬನ್ನಿ. ಅಮ್ಮ ಒಬ್ಬಳೇ ಇದ್ದಾಳೆ."

"ಇವರು ಯಾರು ಅಂತ ಅಮ್ಮ ಕೇಳಿದ್ರೆ ಏನಂತೀರಿ?"

ಗುಬ್ಬಿ ಸ್ವಲ್ಪ ಯೋಚಿಸಿದಳು. ಅವನ ಎಣ್ಣೆಗೈಯ ಎರಡು ಬೆರಳನ್ನು ಮೆಲ್ಲಗೆ ಹಿಡಿದುಕೊಂಡಳು.

"ಅಣ್ಣನ ವಿಷಯ ಕೇಳೋಕೆ ಬಂದಿದ್ದಾರೆ, ಹೇಳಮ್ಮಾ ಅಂತೀನಿ."