ತಾತನ ಕಾಲ್ ಕಟ್ ಮಾಡುವ ಮೋಟರ್

“ನೋಡ್ಲಾ, ಮತ್ತೆ ಕಟ್ ಮಾಡ್ತು,” ಎನ್ನುತ್ತಾ ತಾತ ನಿಂಗಯ್ಯ ತಮ್ಮ ಫೋನನ್ನು ಚಂದುವಿನ ಮೂಗಿನ ಹತ್ತಿರ ಹಿಡಿದರು.

ಚಂದು ರೊಟ್ಟಿ ತಿನ್ನುತ್ತಿದ್ದ. ಎಡಗೈಯಲ್ಲಿ ಫೋನ್ ತೆಗೆದುಕೊಂಡು, ‘ಮೋಟರ್’ ಎಂಬ ಹೆಸರು ಹುಡುಕಿ ಒತ್ತಿದ. ಒಂದು ಸಲ ರಿಂಗ್ ಆಯಿತು. ಅಷ್ಟೇ, ಕಟ್.

“ನಿಮ್ಮಪ್ಪ ಮಾಡಿದ್ರೆ ಎತ್ಕತ್ತದೆ. ನಾನು ಮಾಡಿದ್ರೆ ಕಟ್ ಮಾಡ್ತದೆ. ಬೋರ್ ಕೊರೆಸಿದೋನು ನಾನು, ಮೋಟರ್ ಇಳಿಸಿದೋನು ನಾನು. ಈಗ ಅದಕ್ಕೆ ನಾನೇ ಬ್ಯಾಡ್ವಂತೆ.”

ಒಲೆಯ ಮುಂದಿದ್ದ ಅಜ್ಜಿ ಕುಳ್ಳಮ್ಮ, “ನಿಮ್ಮ ಕಾಟ ಮೋಟರ್‌ಗೂ ಸಾಕಾಗ್ಯದೆ ಬುಡಿ,” ಎಂದರು. ಬೇರೆ ದಿನವಾಗಿದ್ದರೆ ತಾತ ತಿರುಗಿಸಿ ಎರಡು ಮಾತು ಹೇಳುತ್ತಿದ್ದರು. ಇವತ್ತು ಎದ್ದು ಒಳಗೆ ಹೋದರು.

ಅವರ ಬಾಳೆ ತೋಟ ಕೆರೆ ಏರಿಯ ಆಚೆ ಇದೆ. ಮೊದಲೆಲ್ಲ ಮೋಟರ್‌ಗೆ ಬೇಕಾದ ತ್ರೀಫೇಸ್ ಕರೆಂಟ್ ಬಂದಾಗ ತಾತ ಅಲ್ಲಿಯವರೆಗೆ ನಡೆದುಹೋಗಿ ಸ್ಟಾರ್ಟರ್ ಹಾಕುತ್ತಿದ್ದರು. ಮಂಡಿ ನೋವು ಜಾಸ್ತಿಯಾದ ಮೇಲೆ ಅದು ಆಗಲಿಲ್ಲ. ಆಗ ಚಂದುವಿನ ಅಪ್ಪ ಶಿವಶಂಕರ ಒಂದು ಮೊಬೈಲ್ ಸ್ಟಾರ್ಟರ್ ತಂದು ಹಾಕಿಸಿದರು.

ಅದೊಂದು ಡಬ್ಬಿ. ಒಳಗೆ ಸಿಮ್ ಇದೆ. ಅದಕ್ಕೆ ಫೋನ್ ಮಾಡಿದರೆ ಮೋಟರ್ ಶುರುವಾಗುತ್ತದೆ. ‘ಮೋಟರ್ ಆನ್ ಆಗಿದೆ’ ಎಂದು ಒಬ್ಬ ಹೆಂಗಸಿನ ದನಿ ಹೇಳುತ್ತದೆ. ಮೊದಲ ದಿನ ತಾತ ಆ ದನಿಗೆ, “ಒಳ್ಳೇದಾಗ್ಲಿ ತಾಯಿ, ಊಟ ಆಯ್ತಾ?” ಎಂದು ಕೇಳಿದ್ದರು. ಮನೆಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಆಮೇಲೆ ದಿನಾ ಜಗಲಿಯ ಮೇಲೆ ಕೂತು ಬಾಳೆಗೆ ನೀರು ಬಿಡುವುದು ತಾತನ ಕೆಲಸವಾಯಿತು. ಬೀದಿಯಲ್ಲಿ ಹೋಗುವವರನ್ನು ಕರೆದು ತೋರಿಸುವುದೂ ಅದರ ಜೊತೆಗೇ ಬಂತು.

ಹೋದ ತಿಂಗಳಿಂದ ಡಬ್ಬಿ ತಾತನ ಕಾಲ್ ಎತ್ತುತ್ತಿಲ್ಲ. “ನಿನ್ನ ಫೋನ್ ಹಳೇದು ಕಣಪ್ಪ, ಬಾಕ್ಸ್‌ಗೆ ಹಿಡಿಸ್ತಿಲ್ಲ,” ಎಂದು ಅಪ್ಪ ಹೇಳಿದ್ದರು. ತಾತ ನಂಬಿದರು. ಫೋನನ್ನು ಟವಲ್‌ನಿಂದ ಒರೆಸಿದರು, ಬಿಸಿಲಿಗೂ ಇಟ್ಟರು. ಏನೂ ಆಗಲಿಲ್ಲ. ಈಗ ಯಾರಾದರೂ ತೋಟದ ವಿಷಯ ಕೇಳಿದರೆ, “ಅದೆಲ್ಲ ನನ್ನ ಮಗನ್ನೇ ಕೇಳಿ. ನನ್ನ ಮಾತ್ನ ಮೋಟರೇ ಕೇಳಲ್ಲ,” ಎನ್ನುತ್ತಾರೆ. ಜಗಲಿಯ ಮೇಲೆ ಕೂರುವುದನ್ನೂ ಬಿಟ್ಟಿದ್ದಾರೆ. ಚಂದುಗೆ ಅದನ್ನು ನೋಡಿದರೆ ಸಂಕಟವಾಗುತ್ತಿತ್ತು.

ಶನಿವಾರ ಅರ್ಧ ದಿನ ಸ್ಕೂಲು. ಬಿಟ್ಟ ಕೂಡಲೇ ಚಂದು ತನ್ನ ಕ್ಲಾಸಿನ ತೌಸಿಫ್ ಜೊತೆ ಹೊರಟ. ತೌಸಿಫ್‌ನ ತಂದೆ ಅಬ್ದುಲ್ ರಹಮಾನ್ ಅವರಿಗೆ ಸ್ಕೂಲಿರುವ ರಾವಂದೂರಿನಲ್ಲೇ ಮೋಟರ್ ರಿಪೇರಿ ಅಂಗಡಿ ಇದೆ. ಚಂದುವಿನ ತೋಟಕ್ಕೆ ಡಬ್ಬಿ ಹಾಕಿಕೊಟ್ಟವರೂ ಅವರೇ. ಅಂಥದ್ದೇ ಇನ್ನೊಂದು ಡಬ್ಬಿಯನ್ನು ಬಿಚ್ಚಿಕೊಂಡು ಅವರು ಟೇಬಲ್ ಮುಂದೆ ಕೂತಿದ್ದರು.

“ಅಂಕಲ್, ಹಳೇ ಫೋನ್‌ನಿಂದ ಮಾಡಿದ್ರೆ ಇದು ಎತ್ತಲ್ವಾ?”

“ಯಾರಪ್ಪಾ ಹೇಳಿದ್ದು? ರಿಂಗ್ ಹೋದ್ರೆ ಸಾಕು. ಫೋನ್ ಹೊಸದಾ ಹಳೇದಾ ಅಂತ ಇದಕ್ಕೇನು ಗೊತ್ತು?” ಅವರು ಡಬ್ಬಿಯೊಳಗಿನ ಹಸಿರು ಹಲಗೆಯ ಮೇಲಿದ್ದ ಕಪ್ಪು ಚೌಕವನ್ನು ಸ್ಕ್ರೂಡ್ರೈವರ್ ತುದಿಯಿಂದ ತೋರಿಸಿದರು. “ಇದೂ ಒಂದು ಕಂಪ್ಯೂಟರ್ರೇ. ಆದ್ರೆ ಗೇಮ್ ಆಡಕ್ಕಾಗಲ್ಲ. ಇದಕ್ಕೆ ಗೊತ್ತಿರೋದು ಒಂದೇ ಕೆಲಸ. ವಾಷಿಂಗ್ ಮಷೀನ್‌ನಲ್ಲಿ ಇರೋದಕ್ಕೆ ಬಟ್ಟೆ ಒಗೆಯೋದು ಗೊತ್ತು, ಡೈರಿ ಮಷೀನ್‌ನಲ್ಲಿ ಇರೋದಕ್ಕೆ ಹಾಲು ನೋಡೋದು ಗೊತ್ತು. ಫ್ಯಾಕ್ಟರಿಗಳಲ್ಲಂತೂ ಲೆಕ್ಕವೇ ಇಲ್ಲ, ಗೋಡೆ ತುಂಬ ಇವೇ.”

“ಮತ್ತೆ ನಮ್ಮ ತಾತನ ಕಾಲ್ ಯಾಕೆ ಕಟ್ ಮಾಡ್ತದೆ?”

“ಫೋನ್ ಬಂದ್ರೆ ಇದು ನಂಬರ್ ನೋಡ್ತದೆ. ಒಳಗೆ ಬರೆದಿರೋ ನಂಬರಾದ್ರೆ ಮೋಟರ್ ಹಾಕ್ತದೆ. ಇಲ್ಲಾಂದ್ರೆ ಕಟ್. ನಿಮ್ಮ ತಾತನ ನಂಬರ್ ನಾನೇ ಹಾಕಿದ್ನಲ್ಲ.”

“ಅದೇ ಅಳಿಸಿಬಿಡ್ತಾ?”

“ತಾನಾಗಿ ಏನೂ ಮಾಡಲ್ಲ ಕಣಪ್ಪ ಇದು. ಓನರ್ ಫೋನ್‌ನಿಂದ ಮೆಸೇಜ್ ಹೋಗ್ಬೇಕು, ಆಗ ಅಳಿಸ್ತದೆ.” ಇಷ್ಟು ಹೇಳಿ ಅಬ್ದುಲ್ ರಹಮಾನ್ ಚಂದುವಿನ ಮುಖ ನೋಡಿದರು. “ನಿಮ್ಮಪ್ಪನ್ನೇ ಕೇಳು ಹೋಗು,” ಎಂದು ಮತ್ತೆ ಡಬ್ಬಿಯ ಮೇಲೆ ಬಗ್ಗಿದರು.

ಓನರ್ ಎಂದರೆ ಅಪ್ಪ. ಅಂದರೆ ತಾತನ ನಂಬರ್ ತೆಗೆದದ್ದು ಅಪ್ಪ. ತೆಗೆದು, ಫೋನ್ ಹಳೆಯದು ಎಂದು ಸುಳ್ಳು ಬೇರೆ ಹೇಳಿದ್ದರು. ಚಂದುಗೆ ಸಿಟ್ಟು ಬಂತು. ತಾತ ಆ ಫೋನನ್ನು ಬಿಸಿಲಿಗೆ ಇಟ್ಟಿದ್ದು ನೆನಪಾಗಿ ಇನ್ನಷ್ಟು ಬಂತು.

“ನೀನೇ ಹಾಕ್ಬುಡ್ಲಾ,” ಎಂದ ತೌಸಿಫ್ ಅಂಗಡಿಯ ಮೆಟ್ಟಿಲ ಮೇಲೆ. “ನಮ್ಮಪ್ಪ ದಿನಾ ಮಾಡ್ತಾರೆ, ನೋಡಿದೀನಿ. ಆ್ಯಡ್ ಅಂತ ಟೈಪ್ ಮಾಡು, ಮುಂದೆ ನಂಬರ್ ಹಾಕು, ಮೋಟರ್‌ಗೆ ಕಳಿಸು. ಮುಗೀತು.”

ಸಂಜೆ ಹೋಮ್‌ವರ್ಕ್ ನೋಡಬೇಕು ಎಂದು ಚಂದು ಅಪ್ಪನ ಫೋನ್ ಇಸಿದುಕೊಂಡ. ತೌಸಿಫ್ ಹೇಳಿದಂತೆಯೇ ಮಾಡಿದ. ‘ನಂಬರ್ ಸೇರಿಸಲಾಗಿದೆ’ ಎಂದು ಉತ್ತರ ಬಂತು. ಎರಡು ಮೆಸೇಜನ್ನೂ ಡಿಲೀಟ್ ಮಾಡಿ, ಏನೂ ಗೊತ್ತಿಲ್ಲದವನಂತೆ ಫೋನ್ ವಾಪಸ್ ಕೊಟ್ಟ.

ಭಾನುವಾರ ಬೆಳಗ್ಗೆ ಪಕ್ಕದ ಹಿಟ್ಟಿನ ಗಿರಣಿ ಸದ್ದು ಮಾಡತೊಡಗಿತು. ತ್ರೀಫೇಸ್ ಬಂದಿದೆ ಎಂದು ಬೀದಿಗೆಲ್ಲ ಗೊತ್ತಾಗುವುದು ಹಾಗೆಯೇ.

“ತಾತ, ಒಂದ್ಸಲ ಮಾಡಿ ನೋಡು.”

“ಬುಡ್ಲಾ, ಅದ್ರ ಕೈಲಿ ಯಾಕೆ ಬೈಸ್ಕೊಳಾದು.”

“ಮಾಡು ತಾತ.”

ತಾತ ಮಾಡಿದರು. ರಿಂಗ್ ಆಯಿತು, ಎತ್ತಿಕೊಂಡಿತು. ‘ಮೋಟರ್ ಆನ್ ಆಗಿದೆ.’

ತಾತ ಫೋನನ್ನು ಕಿವಿಯಿಂದ ತೆಗೆದು ನೋಡಿದರು, ಮತ್ತೆ ಕಿವಿಗಿಟ್ಟರು. “ಬಂದ್ಯಾ ತಾಯಿ,” ಎಂದರು. ಅವರ ಕಣ್ಣು ತುಂಬಿತ್ತು. ಆಮೇಲೆ ಜಗಲಿಗೆ ಹೋಗಿ ಕೂತು, ಬೀದಿಯಲ್ಲಿ ಹೋಗುತ್ತಿದ್ದ ತಿಮ್ಮಯ್ಯನನ್ನು ಕರೆದರು. “ಬಾಪ್ಪಾ ಇಲ್ಲಿ, ನನ್ನ ಮೋಟರ್ ಮಾತಾಡ್ತದೆ ನೋಡು.” ಕುಳ್ಳಮ್ಮ ಹೇಳಿಸಿಕೊಳ್ಳದೆ ಇಬ್ಬರಿಗೂ ಕಾಫಿ ತಂದುಕೊಟ್ಟರು. ಚಂದುವಿನ ಎದೆ ಉಬ್ಬಿತು.

ತಿಮ್ಮಯ್ಯ ಕಾಫಿ ಕುಡಿದು ಹೋದ ಸ್ವಲ್ಪ ಹೊತ್ತಿಗೆ ಅಪ್ಪ ತೋಟದಿಂದ ಬಂದರು. ಮೈಯೆಲ್ಲ ಒದ್ದೆ, ಬಟ್ಟೆಯೆಲ್ಲ ಕೆಸರು. ಗದ್ದಕ್ಕೆ ಒತ್ತಿಕೊಂಡಿದ್ದ ಟವಲ್‌ನಲ್ಲಿ ರಕ್ತ ಇತ್ತು.

“ಏನಾಯ್ತಲಾ ಶಿವು?” ಎಂದರು ತಾತ.

“ಏನಿಲ್ಲ, ಜಾರಿ ಬಿದ್ದೆ,” ಎಂದು ಅಪ್ಪ ನಿಲ್ಲದೆ ಹಿತ್ತಲಿಗೆ ಹೋದರು. ಹೋಗುವಾಗ ಚಂದುವನ್ನು ಒಮ್ಮೆ ನೋಡಿದರು. ಚಂದು ಚೆಂಬಿನಲ್ಲಿ ನೀರು ತೆಗೆದುಕೊಂಡು ಹಿಂದೆಯೇ ಹೋದ.

“ತಾತನ ನಂಬರ್ ಹಾಕಿದ್ದು ನೀನಾ?”

“ಹೂಂ.”

ಅಪ್ಪ ಗದರಲಿಲ್ಲ. ಗಾಯ ತೊಳೆದುಕೊಳ್ಳುತ್ತಾ ಹೇಳಿದರು. “ಪೈಪ್ ಜಾಯಿಂಟ್ ಬಿಚ್ಚಿ ಕೈಯಲ್ಲಿ ಹಿಡ್ಕಂಡಿದ್ದೆ. ಇದ್ದಕ್ಕಿದ್ದಂಗೆ ನೀರು ನುಗ್ತು. ಪೈಪ್ ಎದ್ದು ಗದ್ದಕ್ಕೆ ಹೊಡೀತು. ಹೋದ್ಸಲ ಕಾಲಿಗೆ ಹೊಡೆದಿತ್ತು. ಒಂಚೂರು ಮೇಲಾಗಿದ್ರೆ ಇವತ್ತು ಕಣ್ಣು ಹೋಗೋದು.”

ಹೋದ ತಿಂಗಳು ಅಪ್ಪ ಕುಂಟುತ್ತಿದ್ದರು. ಅದು ಯಾಕೆ ಎಂದು ಚಂದು ಕೇಳಿರಲಿಲ್ಲ.

“ತಾತನಿಗೆ ಯಾಕೆ ಹೇಳ್ಲಿಲ್ಲ ನೀನು?”

“ನನ್ನಿಂದ ಮಗನಿಗೆ ಏಟಾಯ್ತು ಅಂತ ಕೊರಗ್ತಾರೆ ಕಣೋ. ಆಮೇಲೆ ಆ ಫೋನೇ ಮುಟ್ಟಲ್ಲ. ಅದಕ್ಕಿಂತ ಫೋನ್ ಹಳೇದು ಅಂದ್ರೆ ವಾಸಿ ಅನ್ನಿಸ್ತು.”

“ಈಗ್ಲೂ ಕೊರಗ್ತಾನೇ ಇದ್ದಾರಲ್ಲ.”

ಅಪ್ಪ ಗದ್ದ ಒರೆಸಿಕೊಂಡರು. ತಮ್ಮ ಫೋನ್ ತೆಗೆದು ಚಂದುವಿನ ಕೈಗೆ ಕೊಟ್ಟರು. “ಹಾಕಿದೋನು ನೀನೇ ತೆಗಿ. ನನ್ನ ಕೈ ಒದ್ದೆ.”

ಚಂದು ಡಿಲೀಟ್ ಎಂದು ಟೈಪ್ ಮಾಡಿದ. ಮುಂದೆ ತಾತನ ನಂಬರ್ ಹಾಕಿದ. ಜಗಲಿಯಿಂದ ತಾತನ ಮಾತು ಕೇಳಿಸುತ್ತಿತ್ತು, ಇನ್ಯಾರನ್ನೋ ಕರೆದು ಕೂರಿಸಿಕೊಂಡಿದ್ದರು. ಕಳಿಸಿದರೆ ನಾಳೆ ಮತ್ತೆ ಒಂದು ರಿಂಗ್, ಕಟ್. ಕಳಿಸದೆ ಇದ್ದರೆ ಅಪ್ಪನ ಕಣ್ಣು. ಡಬ್ಬಿಗೇನು, ಏನು ಹೇಳಿದರೂ ಕೇಳುತ್ತದೆ.

ಅವನು ಕಳಿಸಲಿಲ್ಲ. ಫೋನ್ ಹಿಡಿದುಕೊಂಡು ಜಗಲಿಗೆ ಹೋದ. ಬಂದವರು ಎದ್ದು ಹೋಗುವವರೆಗೆ ಕಂಬ ಹಿಡಿದು ನಿಂತಿದ್ದ.

“ತಾತ, ನೀನು ಆನ್ ಮಾಡಿದಾಗ ಅಪ್ಪ ಪೈಪ್ ಹಿಡ್ಕಂಡಿದ್ದ. ಜಾರಿ ಬಿದ್ದಿದ್ದಲ್ಲ.”

ಅಷ್ಟರಲ್ಲಿ ಅಪ್ಪನೂ ಬಂದು ಬಾಗಿಲಲ್ಲಿ ನಿಂತಿದ್ದರು. ತಾತ ಮಗನ ಗದ್ದ ನೋಡಿದರು, ಆಮೇಲೆ ಕಾಲು ನೋಡಿದರು.

“ಹೋದ ತಿಂಗ್ಳು ಕುಂಟ್ತಿದ್ದೆಯಲ್ಲ. ಅದೂ ನನ್ನಿಂದ್ಲೇನಾ?”

ಅಪ್ಪ ಹೌದೆಂದು ತಲೆಯಾಡಿಸಿದರು.

“ಒಂದು ಮಾತು ಅಂದಿದ್ರೆ ಏನಾಗ್ತಿತ್ತು ಶಿವು? ನಾನೇನು ಕೂಸಾ, ಮರೆಸಿ ಇಡಾಕೆ?” ತಾತ ಜೋರಾಗಿ ಹೇಳಲಿಲ್ಲ. ಜೋರಾಗಿ ಹೇಳಿದ್ದರೇ ವಾಸಿಯಿತ್ತು ಎಂದು ಚಂದುಗೆ ಅನ್ನಿಸಿತು. “ಮೊದ್ಲು ನಾನು ಸ್ಟಾರ್ಟರ್ ತಾವ ನಿಂತು ಹಾಕ್ಲಾ ಅಂತ ಕೂಗ್ತಿದ್ದೆ. ನೀನು ಬದುವಿನ ತಾವಿಂದ ಹಾಕು ಅಂತಿದ್ದೆ. ಕೂಗು ಬರೋವರ್ಗೂ ನಾನು ಕೈ ಇಡ್ತಿರ್ಲಿಲ್ಲ. ಇಲ್ಲಿ ಕೂತ್ಕಂಡ್ಮೇಲೆ ಅದು ಮರ್ತೇ ಓಯ್ತು ನೋಡು.”

ಅವರು ತಮ್ಮ ಫೋನನ್ನು ಗೋಡೆಯ ಗೂಡಿನಲ್ಲಿಟ್ಟು, ಎದ್ದು ಹೊರಟರು. ಅಪ್ಪ ಅದನ್ನು ತೆಗೆದು ತಾತನ ಜೇಬಿಗೆ ಹಾಕಿದರು.

“ಮೋಟರ್‌ಗೆ ಮಾಡೋಕ್ಮುಂಚೆ ನಂಗೆ ಮಾಡಪ್ಪ. ಅಷ್ಟೇ. ತಪ್ಪು ನಂದು.”

ಸೋಮವಾರ ಬೆಳಗ್ಗೆ ಗಿರಣಿ ಶುರುವಾದಾಗ ಚಂದು ಯೂನಿಫಾರಂ ಹಾಕಿಕೊಂಡು ವ್ಯಾನಿಗೆ ಕಾಯುತ್ತಿದ್ದ. ತಾತ ಜಗಲಿಯ ಮೇಲಿದ್ದರು. ಮೊದಲು ಅಪ್ಪನಿಗೆ ಫೋನ್ ಮಾಡಿದರು.

“ಶಿವು, ಹಾಕ್ಲಾ?”

“ಹಾಕಪ್ಪ.”

“ಪೈಪ್ ಗೀಪ್ ಹಿಡ್ಕಂಡಿಲ್ಲ ತಾನೆ?”

“ಇಲ್ಲ ಕಣಪ್ಪ. ಬದುವಿನ ಮೇಲೆ ನಿಂತಿದೀನಿ.”

ತಾತ ‘ಮೋಟರ್’ ಹೆಸರು ಹುಡುಕಿದರು. ಬೆರಳು ಅದರ ಮೇಲೆ ಹೋಯಿತು. ಒತ್ತಲಿಲ್ಲ. ಕೆರೆ ಏರಿಯ ಕಡೆ ನೋಡಿದರು. ಇಲ್ಲಿಂದ ತೋಟ ಕಾಣುವುದಿಲ್ಲ, ಆದರೂ ನೋಡಿದರು.

ಬೀದಿಯ ತುದಿಯಲ್ಲಿ ವ್ಯಾನ್ ಹಾರ್ನ್ ಹೊಡೆಯಿತು.

“ಇನ್ನೊಂದ್ಸಲ ಕೇಳ್ಲೇನ್ಲಾ?” ಎಂದರು ತಾತ.

ಫೋನ್ ಕಿತ್ತುಕೊಂಡು ತಾನೇ ಒತ್ತಿ ಓಡಿಹೋಗಬಹುದಿತ್ತು. ಚಂದು ಬ್ಯಾಗನ್ನು ಕೆಳಗಿಟ್ಟು ತಾತನ ಪಕ್ಕದಲ್ಲಿ ಕೂತ.

“ಕೇಳು ತಾತ,” ಎಂದ.